ಪ್ರಾಕ್ಸಿ ಯಾವುದೆಂದು ಯಾರನ್ನು ಕೇಳಬೇಕು? ರಿಜಿಸ್ಟ್ರಿ, ಪರಿಸರ ವೇರಿಯಬಲ್, ವಿನ್‌ಎಚ್‌ಟಿಟಿಪಿ: ಒಂದು ಹೋಲಿಕೆ

ತುಮಕೂರಿನ ವಸಂತನರಸಾಪುರದಲ್ಲಿ ಹಗಲೆಲ್ಲ ಕಂಪನಿ ಪ್ರಾಕ್ಸಿಯ (ಇಂಟರ್ನೆಟ್ ಕೋರಿಕೆಗಳನ್ನು ನಡುವೆ ನಿಂತು ದಾಟಿಸುವ ಸರ್ವರ್) ಹಿಂದಿರುವ ವಿಂಡೋಸ್ ಲ್ಯಾಪ್‌ಟಾಪ್, ಸಂಜೆ ಕ್ಯಾತ್ಸಂದ್ರದ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಿಡಿಯುತ್ತದೆ. ಎರಡು ಕಡೆಯೂ ಓಡಬೇಕಾದ ಪ್ರೋಗ್ರಾಂ ‘ಪ್ರಾಕ್ಸಿ ವಿಳಾಸ ಹಾಕಿ’ ಎಂದು ಬಳಕೆದಾರರನ್ನು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ. ಸಿಸ್ಟಂನಿಂದಲೇ ತಿಳಿದುಕೊಳ್ಳಬೇಕು, ಹೇಗೆ ಅನ್ನುವುದೇ ಪ್ರಶ್ನೆ.

ಪರೀಕ್ಷೆಗೆ ಒಂದು ಯಂತ್ರದಲ್ಲಿ ಸ್ಕ್ವಿಡ್ ಎಂಬ ಪ್ರಾಕ್ಸಿ ಸಾಫ್ಟ್‌ವೇರ್ ಹಾಕಿ 3128ನೇ ಪೋರ್ಟ್ ತೆರೆದು, ಅದರಲ್ಲೇ ಒಂದು ಪ್ಯಾಕ್ ಫೈಲ್ (ಯಾವ ಯುಆರ್‌ಎಲ್‌ಗೆ ಯಾವ ಪ್ರಾಕ್ಸಿ ಎಂದು ಹೇಳುವ ಸ್ಕ್ರಿಪ್ಟ್) ಇಟ್ಟೆವು. ಪ್ರತಿ ವಿಧಾನಕ್ಕೂ ನಾಲ್ಕು ಸ್ಥಿತಿ: ನೇರ ಸಂಪರ್ಕ, ಕೈಯಾರೆ ಹಾಕಿದ ವಿಳಾಸ, ಪ್ಯಾಕ್ ಫೈಲ್‌ನ ಯುಆರ್‌ಎಲ್, ಆಟೋ ಡಿಟೆಕ್ಟ್ (ಪ್ಯಾಕ್ ಫೈಲ್ ಎಲ್ಲಿದೆಯೆಂದು ನೆಟ್‌ವರ್ಕ್‌ನಿಂದಲೇ ತಿಳಿಯುವುದು).

ಎಲ್ಲರೂ ಮೊದಲು ಕೈ ಹಾಕುವುದು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಗೆ. ಬಳಕೆದಾರರ ‘ಇಂಟರ್ನೆಟ್ ಸೆಟ್ಟಿಂಗ್ಸ್’ ಕೀಲಿಯಲ್ಲಿ ಪ್ರಾಕ್ಸಿಎನೇಬಲ್, ಪ್ರಾಕ್ಸಿಸರ್ವರ್, ಪ್ರಾಕ್ಸಿಓವರ್‌ರೈಡ್, ಆಟೋಕಾನ್ಫಿಗ್‌ಯುಆರ್‌ಎಲ್ ಸಿಗುತ್ತವೆ. ಕೈಯಾರೆ ಹಾಕಿದ ವಿಳಾಸ ಹತ್ತು ಸಾಲಿನ ಕೋಡ್‌ಗೆ ದಕ್ಕುತ್ತದೆ. ತೊಂದರೆ ಆಮೇಲೆ. ಪ್ರಾಕ್ಸಿಎನೇಬಲ್ 0 ಆದರೂ ಪ್ರಾಕ್ಸಿಸರ್ವರ್‌ನಲ್ಲಿ ಹಳೆ ವಿಳಾಸ ಹಾಗೇ ಉಳಿದಿರುತ್ತದೆ. ಪ್ರಾಕ್ಸಿಎನೇಬಲ್ ನೋಡದ ಪ್ರೋಗ್ರಾಂ ಮನೆಯಲ್ಲೂ ಕಾರ್ಖಾನೆಯ ಪ್ರಾಕ್ಸಿ ಹುಡುಕುತ್ತಾ ಕೂರುತ್ತದೆ. ಪ್ರಾಕ್ಸಿಸರ್ವರ್‌ನ ಬೆಲೆ ಕೆಲವೊಮ್ಮೆ ‘192.168.1.5:3128’, ಕೆಲವೊಮ್ಮೆ ‘ಎಚ್‌ಟಿಟಿಪಿ=…;ಎಚ್‌ಟಿಟಿಪಿಎಸ್=…’ ಎಂಬ ರೂಪದಲ್ಲಿರುತ್ತದೆ. ಕೋಲನ್ ಕಂಡಲ್ಲಿ ಕತ್ತರಿಸುವ ಕೋಡ್ ಎರಡನೆಯದರಲ್ಲಿ ಮುಗ್ಗರಿಸುತ್ತದೆ. ಆಟೋ ಡಿಟೆಕ್ಟ್ ಗುರುತು ಈ ನಾಲ್ಕರಲ್ಲಿ ಯಾವುದರಲ್ಲೂ ಇಲ್ಲ: ‘ಕನೆಕ್ಷನ್ಸ್’ ಉಪಕೀಲಿಯ ಬೈನರಿ ಬೆಲೆಯಲ್ಲಿ ಒಂಬತ್ತನೇ ಬೈಟ್‌ನ 8ರ ಬಿಟ್‌ನಲ್ಲಿದೆ. ಅಲ್ಲಿಗೆ ಇಳಿಯಬೇಕಾಗಿ ಬಂತೆಂದರೆ ಈ ದಾರಿ ಬಿಡುವ ಕಾಲ ಬಂತು ಎಂದೇ ಅರ್ಥ.

ಪರಿಸರ ವೇರಿಯಬಲ್‌ಗಳು (ಪ್ರೋಗ್ರಾಂ ಶುರುವಾಗುವಾಗ ಅದರ ಕೈಗೆ ಸಿಗುವ ಹೆಸರು-ಬೆಲೆ ಜೋಡಿಗಳು) ಲಿನಕ್ಸ್ ಸರ್ವರ್‌ಗೆ ಹೇಳಿ ಮಾಡಿಸಿದ್ದು. ಡೆಸ್ಕ್‌ಟಾಪ್‌ನಲ್ಲಿ ನಂಬುವಂತಿಲ್ಲ: ಟರ್ಮಿನಲ್‌ನಲ್ಲಿ ಹಾಕಿದ್ದು ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಕಾಣುವುದಿಲ್ಲ, ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಸುಡೋ ಸಾಮಾನ್ಯವಾಗಿ ಅದನ್ನು ಅಳಿಸಿಬಿಡುತ್ತದೆ. ಯುಆರ್‌ಎಲ್ ತರುವ ಕಮಾಂಡ್ ಕರ್ಲ್, ಎಚ್‌ಟಿಟಿಪಿ_ಪ್ರಾಕ್ಸಿಯನ್ನು ಸಣ್ಣಕ್ಷರದಲ್ಲಿದ್ದರೆ ಮಾತ್ರ ಓದುತ್ತದೆ. ಕಾರಣ: ಸಿಜಿಐ ಸರ್ವರ್‌ನಲ್ಲಿ (ಕೋರಿಕೆಯ ಹೆಡರ್‌ಗಳನ್ನು ಪರಿಸರ ವೇರಿಯಬಲ್ ಆಗಿಸಿ ಪ್ರೋಗ್ರಾಂಗೆ ಕೊಡುವಂಥದ್ದು) ಹೊರಗಿನವರು ‘ಪ್ರಾಕ್ಸಿ’ ಹೆಸರಿನ ಹೆಡರ್ ಕಳಿಸಿದರೆ ಅದು ದೊಡ್ಡಕ್ಷರದ ವೇರಿಯಬಲ್ ಆಗಿ ಒಳಗೆ ಬರುತ್ತದೆ. 2016ರಲ್ಲಿ ಎಚ್‌ಟಿಟಿಪಾಕ್ಸಿ ಹೆಸರಲ್ಲಿ ಸುದ್ದಿಯಾದ ದೋಷ ಇದೇ.

ಪೈಥಾನ್‌ನ ಗೆಟ್‌ಪ್ರಾಕ್ಸೀಸ್ ಇವೆರಡನ್ನೂ ಜೋಡಿಸುತ್ತದೆ, ದೋಷಗಳ ಸಮೇತ. ಮೊದಲು ಪರಿಸರ, ಅಲ್ಲಿ ಏನೂ ಇಲ್ಲದಿದ್ದರೆ ಮಾತ್ರ ರಿಜಿಸ್ಟ್ರಿ. ಯಾರಾದರೂ ನೋ_ಪ್ರಾಕ್ಸಿ (ಪ್ರಾಕ್ಸಿ ಬೇಡದ ವಿಳಾಸಗಳ ಪಟ್ಟಿ) ಒಂದನ್ನೇ ಹಾಕಿಟ್ಟರೂ ‘ಏನೋ ಇದೆ’ ಎಂದು ಎಣಿಸಿ ರಿಜಿಸ್ಟ್ರಿಯತ್ತ ತಿರುಗಿಯೂ ನೋಡುವುದಿಲ್ಲ. ಪ್ಯಾಕ್ ಮಾತ್ರ ಇರುವ ಯಂತ್ರದಲ್ಲಿ ಖಾಲಿ ಡಿಕ್ಷನರಿ ಕೊಡುತ್ತದೆ, ಎರರ್ ಕೂಡ ಇಲ್ಲ. ಜಾವಾದಲ್ಲಿ ಯೂಸ್‌ಸಿಸ್ಟಂಪ್ರಾಕ್ಸೀಸ್ ಅನ್ನು ಟ್ರೂ ಮಾಡಬೇಕು, ಅದನ್ನೂ ಕಮಾಂಡ್ ಲೈನ್‌ನಲ್ಲೇ. ಪ್ರೋಗ್ರಾಂ ಶುರುವಾದಾಗ ಒಮ್ಮೆ ಮಾತ್ರ ಅದನ್ನು ನೋಡಲಾಗುತ್ತದೆ. ಜಾವಾ 8 ಆದರೆ ವಿಂಡೋಸ್‌ನಲ್ಲಿ ಪ್ಯಾಕ್ ಫೈಲ್ ಗೊಡವೆಗೇ ಹೋಗುವುದಿಲ್ಲ.

ನಾಲ್ಕೂ ಸ್ಥಿತಿಯಲ್ಲಿ ಸರಿಯಾಗಿ ಉತ್ತರಿಸಿದ್ದು ವಿಂಡೋಸ್‌ನದೇ ಎಚ್‌ಟಿಟಿಪಿ ಲೈಬ್ರರಿಯಾದ ವಿನ್‌ಎಚ್‌ಟಿಟಿಪಿ. ಕಾರಣ ಸರಳ: ಪ್ಯಾಕ್ ಫೈಲ್ ಅನ್ನುವುದು ಜಾವಾಸ್ಕ್ರಿಪ್ಟ್ ಫಂಕ್ಷನ್, ಯುಆರ್‌ಎಲ್ ಕೊಟ್ಟರಷ್ಟೇ ಉತ್ತರ, ಒಂದೊಂದಕ್ಕೆ ಒಂದೊಂದು ಉತ್ತರ. ಆದ್ದರಿಂದ ‘ಪ್ರಾಕ್ಸಿ ಏನು?’ ಅಲ್ಲ, ‘ಈ ಯುಆರ್‌ಎಲ್‌ಗೆ ಪ್ರಾಕ್ಸಿ ಏನು?’ ಎಂದು ಕೇಳಬೇಕು. ಮೊದಲು ವಿನ್‌ಎಚ್‌ಟಿಟಿಪಿಗೆಟ್‌ಐಇಪ್ರಾಕ್ಸಿಕಾನ್ಫಿಗ್‌ಫಾರ್‌ಕರೆಂಟ್‌ಯೂಸರ್ ಕರೆಯಿರಿ (ಹೆಸರೇ ಒಂದು ಸಾಲು). ಆಟೋ ಡಿಟೆಕ್ಟ್ ಅಥವಾ ಪ್ಯಾಕ್ ಯುಆರ್‌ಎಲ್ ಇದ್ದರೆ ಅದನ್ನು ವಿನ್‌ಎಚ್‌ಟಿಟಿಪಿಗೆಟ್‌ಪ್ರಾಕ್ಸಿಫಾರ್‌ಯುಆರ್‌ಎಲ್‌ಗೆ ಕೊಡಿ. ಪತ್ತೆಗೆ ಡಿಎಚ್‌ಸಿಪಿ, ಡಿಎನ್‌ಎಸ್ ಎರಡರ ಫ್ಲ್ಯಾಗ್ ಹಾಕಿ. ಆಟೋ ಲಾಗಾನ್ ಮೊದಲು ಫಾಲ್ಸ್ ಇರಲಿ, 12015 (ಲಾಗಿನ್ ವಿಫಲ) ಎಂಬ ಎರರ್ ಬಂದರೆ ಮಾತ್ರ ಟ್ರೂ ಮಾಡಿ ಮತ್ತೆ ಕರೆಯಿರಿ. 12180 ಅಂದರೆ ಆಟೋ ಡಿಟೆಕ್ಟ್‌ಗೆ ಏನೂ ಸಿಗಲಿಲ್ಲ, 12167 ಅಂದರೆ ಪ್ಯಾಕ್ ಫೈಲ್ ಇಳಿಯಲಿಲ್ಲ. ಎರಡರಲ್ಲೂ ಕೈಯಾರೆ ಹಾಕಿದ ವಿಳಾಸಕ್ಕೆ, ಅದೂ ಇಲ್ಲದಿದ್ದರೆ ನೇರ ಸಂಪರ್ಕಕ್ಕೆ ಇಳಿಯಿರಿ. ಹಿಂತಿರುಗಿದ ಸ್ಟ್ರಿಂಗ್‌ಗಳನ್ನು ಗ್ಲೋಬಲ್‌ಫ್ರೀ ಮಾಡಲು ಮರೆತರೆ ಮೆಮೊರಿ ಸೋರುತ್ತದೆ.

ಇದಕ್ಕೂ ಕೊಂಕುಗಳಿವೆ. ಈ ಕರೆ ಉತ್ತರ ಬರುವವರೆಗೂ ಥ್ರೆಡ್ಡನ್ನು ತಡೆಹಿಡಿಯುತ್ತದೆ, ಆಟೋ ಡಿಟೆಕ್ಟ್ ವಿಫಲವಾಗಲು ಸೆಕೆಂಡುಗಳೇ ಹಿಡಿಯಬಹುದು. ಯುಐ ಥ್ರೆಡ್‌ನಿಂದ ಕರೆದರೆ ವಿಂಡೋ ಕಲ್ಲಾಗುತ್ತದೆ. ಲೋಕಲ್ ಸಿಸ್ಟಂ ಖಾತೆಯಲ್ಲಿ ಓಡುವ ಸರ್ವಿಸ್‌ಗೆ ಲಾಗಿನ್ ಆದವರ ಸೆಟ್ಟಿಂಗ್ ಕಾಣದು, ಇಂಪರ್ಸನೇಟ್ ಮಾಡಬೇಕು (ಆ ಬಳಕೆದಾರರ ಹೆಸರಲ್ಲಿ ಓಡಬೇಕು). ಇನ್ನು ‘ನೆಟ್‌ಎಸ್‌ಎಚ್ ವಿನ್‌ಎಚ್‌ಟಿಟಿಪಿ ಶೋ ಪ್ರಾಕ್ಸಿ’ ತೋರಿಸುವುದು ಇಡೀ ಯಂತ್ರದ ಬೇರೆಯೇ ಸೆಟ್ಟಿಂಗ್, ಬ್ರೌಸರ್‌ನದ್ದಲ್ಲ. ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ.

ಡಾಟ್‌ನೆಟ್ 5ರ ನಂತರದವರಿಗೆ ಎಚ್‌ಟಿಟಿಪಿಕ್ಲೈಂಟ್‌ನ ಡಿಫಾಲ್ಟ್‌ಪ್ರಾಕ್ಸಿ ಸಾಕು. ಪರಿಸರ ವೇರಿಯಬಲ್ ಇದ್ದರೆ ಅದು ಗೆಲ್ಲುತ್ತದೆ ಎಂಬುದೊಂದು ನೆನಪಿರಲಿ. ಮ್ಯಾಕ್‌ನಲ್ಲಿ ಸಿಎಫ್‌ನೆಟ್‌ವರ್ಕ್‌ಕಾಪಿಪ್ರಾಕ್ಸೀಸ್‌ಫಾರ್‌ಯುಆರ್‌ಎಲ್, ಗ್ನೋಮ್‌ನಲ್ಲಿ ಲಿಬ್‌ಪ್ರಾಕ್ಸಿ. ಎರಡೂ ಯುಆರ್‌ಎಲ್ ಕೊಟ್ಟೇ ಕೇಳುವಂಥವು. ಸಿಕ್ಕಿದ ಉತ್ತರವನ್ನು ಹೋಸ್ಟ್‌ವಾರು ಕ್ಯಾಶ್ ಮಾಡಿ, ನೆಟ್‌ವರ್ಕ್ ಬದಲಾದ ಕ್ಷಣ ಎಸೆಯಿರಿ. ಎಚ್‌ಟಿಟಿಪಿ ಉತ್ತರದಲ್ಲಿ 407 ಕೋಡ್ ಬಂದರೆ ಪತ್ತೆ ಸರಿಯಾಗಿಯೇ ಆಗಿದೆ, ಪ್ರಾಕ್ಸಿ ಕೇಳುತ್ತಿರುವುದು ಹೆಸರು ಮತ್ತು ಪಾಸ್‌ವರ್ಡ್.