ರಸ್ಟ್‌ಡೆಸ್ಕ್: ಸ್ವಂತ ಸರ್ವರ್ ಇದ್ದರೆ ಮಾತ್ರ ಪೂರ್ತಿ ರುಚಿ

ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸಲು ವಿಂಡೋಸ್‌ನಲ್ಲೇ ರಿಮೋಟ್ ಡೆಸ್ಕ್‌ಟಾಪ್ ಇರುವಾಗ ಇನ್ನೊಂದು ಯಾಕೆ? ಹೋಮ್ ಆವೃತ್ತಿಯ ಕಂಪ್ಯೂಟರಿಗೆ ಅದರಿಂದ ಒಳಹೊಕ್ಕಲು ಬರುವುದಿಲ್ಲ. ಪ್ರೋ ಇದ್ದರೂ ಅದರ 3389 ಪೋರ್ಟನ್ನು (ಸಂಪರ್ಕ ಒಳಬರುವ ಬಾಗಿಲನ್ನು) ನೇರ ಇಂಟರ್ನೆಟ್ಟಿಗೆ ತೆರೆದಿಡುವುದು ಚಿಲಕ ಹಾಕದೆ ಮಲಗಿದ ಹಾಗೆ. ಮುಕ್ತ ತಂತ್ರಾಂಶ ರಸ್ಟ್‌ಡೆಸ್ಕ್‌ಗೆ ಈ ಎರಡೂ ತೊಡಕಿಲ್ಲ.

ಆ ಕಡೆಯ ಕಂಪ್ಯೂಟರಿನ ರಸ್ಟ್‌ಡೆಸ್ಕ್ ಐಡಿ, ಪಾಸ್‌ವರ್ಡ್ ಹಾಕಿದರೆ ಪರದೆ ಬಂತು. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡದೆ ಹಾಗೇ ಓಡಿಸಿದರೆ ಅಡ್ಮಿನ್ ಅನುಮತಿಯ ಕಿಟಕಿ ಬಂದಾಗ ಇಲ್ಲಿಂದ ಕ್ಲಿಕ್ ನಡೆಯದೆ ಕೆಲಸ ನಿಲ್ಲಬಹುದು. ಇನ್‌ಸ್ಟಾಲ್ ಮಾಡಿ, ಉದ್ದದ ಶಾಶ್ವತ ಪಾಸ್‌ವರ್ಡ್ ಇಡಿ. ಮ್ಯಾಕ್‌ನಲ್ಲಿ ಸ್ಕ್ರೀನ್ ರೆಕಾರ್ಡಿಂಗ್, ಆಕ್ಸೆಸಿಬಿಲಿಟಿ ಎರಡೂ ಅನುಮತಿ ಬೇಕು. ಎರಡನೆಯದು ಮರೆತರೆ ಪರದೆ ಕಾಣುತ್ತದೆ, ಮೌಸ್ ಅಲುಗುವುದಿಲ್ಲ.

ವೇಗದ ಗುಟ್ಟು ಸಂಪರ್ಕದ ಬಗೆಯಲ್ಲಿದೆ. ಎರಡು ಯಂತ್ರಗಳ ನಡುವೆ ನೇರ ದಾರಿ ಸಿಕ್ಕರೆ ಚುರುಕು. ಮೊಬೈಲ್ ಡೇಟಾದಲ್ಲಿ ಒಂದೇ ಪಬ್ಲಿಕ್ ಐಪಿಯ (ಇಂಟರ್ನೆಟ್ ವಿಳಾಸದ) ಹಿಂದೆ ಹಲವು ಗ್ರಾಹಕರು ಇರುವುದರಿಂದ ಆ ದಾರಿ ಎಷ್ಟೋ ಸಲ ಸಿಗದು. ಆಗ ಎಲ್ಲ ನಡುವೆ ನಿಂತು ದಾಟಿಸುವ ರಿಲೇ ಸರ್ವರ್ ಮೂಲಕ ಸುತ್ತಿ ಬರುತ್ತದೆ. ರಿಲೇ ದೂರದ ದೇಶದಲ್ಲಿದ್ದರೆ ಕ್ಲಿಕ್ಕಿಗೂ ಪರದೆಗೂ ತಾಳ ತಪ್ಪುತ್ತದೆ.

ಮದ್ದು, ಬೆಂಗಳೂರಿನಲ್ಲೋ ಮುಂಬೈನಲ್ಲೋ ಒಂದು ಚಿಕ್ಕ ಬಾಡಿಗೆ ಲಿನಕ್ಸ್ ಸರ್ವರ್. ತಂತ್ರಾಂಶಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಡಾಕರ್‌ನಲ್ಲಿ ಎರಡು ಸೇವೆ ಓಡಿಸಬೇಕು: ಐಡಿ ನೋಡಿಕೊಳ್ಳುವ ಎಚ್‌ಬಿಬಿಎಸ್ (hbbs), ರಿಲೇ ಮಾಡುವ ಎಚ್‌ಬಿಬಿಆರ್ (hbbr). ಸರ್ವರಿನ ಫೈರ್‌ವಾಲ್‌ನಲ್ಲಿ ಟಿಸಿಪಿ ಪೋರ್ಟ್ 21115ರಿಂದ 21117, ಜೊತೆಗೆ ಯುಡಿಪಿ ಪೋರ್ಟ್ 21116 ತೆರೆಯಿರಿ (ಟಿಸಿಪಿ, ಯುಡಿಪಿ ಎಂದರೆ ಡೇಟಾ ಸಾಗಿಸುವ ಎರಡು ಬಗೆ). ಆ ಯುಡಿಪಿಯನ್ನು ಮರೆಯುವವರೇ ಹೆಚ್ಚು. ಮರೆತರೆ ಐಡಿ ನೋಂದಣಿಯೇ ಆಗದು. ಸರ್ವರಿನ ಪಬ್ಲಿಕ್ ಕೀಯನ್ನು (ಅದರ ಗುರುತು ಖಚಿತಪಡಿಸುವ ಅಕ್ಷರಸಾಲನ್ನು) ಪ್ರತಿ ಯಂತ್ರದ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಅಂಟಿಸಿ. ಕೀ ಫೈಲುಗಳ ಬ್ಯಾಕಪ್ ಇಲ್ಲದೆ ಸರ್ವರ್ ಮತ್ತೆ ಕಟ್ಟಿದರೆ ಹೊಸ ಕೀ ಹುಟ್ಟಿ, ಹಳೆಯ ಯಂತ್ರಗಳೆಲ್ಲ ‘ಕೀ ಮಿಸ್‌ಮ್ಯಾಚ್’ (ಕೀ ಹೊಂದುತ್ತಿಲ್ಲ) ಎನ್ನುತ್ತವೆ.

ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ಮೋಡ್ ನೋಡಿಕೊಳ್ಳಿ. ಮ್ಯಾಪ್ ಮೋಡ್ ಒತ್ತಿದ ಕೀಲಿಯ ಸ್ಥಾನವನ್ನಷ್ಟೇ ಕಳಿಸುತ್ತದೆ. ಅಕ್ಷರ ಮಾಡುವುದು ಆ ಕಡೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶ. ಹಾಗಾಗಿ ಈ ಕಡೆ ಇಂಗ್ಲಿಷ್ ಕೀಬೋರ್ಡೇ ಇರಲಿ. ಎರಡೂ ಕಡೆ ಕನ್ನಡ ಆನ್ ಮಾಡಿಕೊಂಡರೆ ಒತ್ತಕ್ಷರಗಳು ಕಲಸುಮೇಲೋಗರ.

ರಸ್ಟ್‌ಡೆಸ್ಕ್ ಸೋಲುವುದು ಲಿನಕ್ಸ್‌ನಲ್ಲಿ ಪರದೆ ಮೂಡಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ. ರೀಸ್ಟಾರ್ಟ್ ಆದ ಯಂತ್ರದ ಲಾಗಿನ್ ಪರದೆ ದೂರದಿಂದ ಕೈಗೆ ಸಿಗುವುದಿಲ್ಲ. ಉಬುಂಟುವಿನಲ್ಲಿ ಹಳೆಯ ವ್ಯವಸ್ಥೆ ಎಕ್ಸ್11ರ ಆಯ್ಕೆ ಇರುವ ಆವೃತ್ತಿಯಾದರೆ ಅದಕ್ಕೆ ಬದಲಾಯಿಸಿ. ಇಲ್ಲದಿದ್ದರೆ ಆ ಯಂತ್ರಕ್ಕೆ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಟೈಪ್ ಮಾಡಿ ನಡೆಸುವ) ದಾರಿಯನ್ನೂ ಇಟ್ಟುಕೊಳ್ಳಿ.