ಉಸಿರಿನ ಲೆಕ್ಕ: ಕಡಲಾಳದ ಮೂರು ಗೇಮ್ ಆಡಿ ನೋಡಿದ್ದು

ಅಪ್ಪ ಹೋಗಿ ಎರಡು ತಿಂಗಳಾಗಿತ್ತು. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಅದಕ್ಕೂ ಮುಂಚೆ ಒಂದೂವರೆ ವರ್ಷ ಪಕ್ಕದ ರೂಮಿನಲ್ಲಿ ಆಕ್ಸಿಜನ್ ಮಷೀನ್ ಓಡುತ್ತಿತ್ತು. ಅದಕ್ಕೊಂದು ಪುಟ್ಟ ನೀರಿನ ಬಾಟಲಿ ಸಿಕ್ಕಿಸಿರುತ್ತಾರೆ. ಗಾಳಿ ಆ ನೀರಿನೊಳಗಿಂದ ಹಾದು ಪೈಪಿಗೆ ಬರುತ್ತದೆ. ರಾತ್ರಿಯಿಡೀ ಗುಳುಗುಳು ಸದ್ದು. ಆ ಸದ್ದು ನಿಂತ ಮೇಲೆ ಮನೆ ಬಿಕೋ ಅನ್ನುತ್ತಿತ್ತು.

ಗೆಳೆಯನೊಬ್ಬ "ಸುಮ್ನೆ ಕೂತು ಕೊರಗಬೇಡ, ಯಾವುದಾದ್ರೂ ಸಮಾಧಾನದ ಗೇಮ್ ಆಡು" ಎಂದು ಕಡಲಾಳದಲ್ಲಿ ಈಜುವ ಮೂರು ಗೇಮ್‌ಗಳ ಹೆಸರು ಹೇಳಿದ. ಅಬ್ಜೂ, ಬಿಯಾಂಡ್ ಬ್ಲೂ, ಸಬ್‌ನಾಟಿಕಾ. ನಾಲ್ಕು ತಿಂಗಳಲ್ಲಿ ಮೂರನ್ನೂ ಆಡಿದೆ. ಗ್ರಾಫಿಕ್ಸ್ ಹೇಗಿದೆ, ಯಾವ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ ಅನ್ನುವುದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇಲ್ಲಿ ಒಂದನ್ನೇ ಇಟ್ಟುಕೊಂಡು ಹೋಲಿಸುತ್ತೇನೆ. ನೀರಿನೊಳಗೆ ಇಳಿದ ಮನುಷ್ಯನ ಉಸಿರಿಗೆ ಈ ಗೇಮ್ ಏನು ಮಾಡುತ್ತದೆ? ನನಗೆ ಆಗ ಬೇಕಿದ್ದದ್ದು ಅದೊಂದೇ.

ಎಂಡ್‌ಲೆಸ್ ಓಶನ್ ಲ್ಯುಮಿನಸ್ ಯಾಕಿಲ್ಲ ಅಂತ ಕೇಳಬಹುದು. 2024ರಲ್ಲಿ ಬಂದ ಆ ಗೇಮ್‌ನಲ್ಲಿ 500ಕ್ಕೂ ಹೆಚ್ಚು ಬಗೆಯ ಕಡಲಜೀವಿಗಳಿವೆ. ಆದರೆ ಅದನ್ನು ಆಡಲು ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರ ಬೇಕು. ನನ್ನ ಹತ್ತಿರ ಇಲ್ಲ. ಆಡದೇ ಇರುವುದರ ಬಗ್ಗೆ ಬರೆಯುವುದು ಸರಿಯಲ್ಲ, ಅಲ್ವಾ?

ಮೊದಲು ಆಡಿದ್ದು ಅಬ್ಜೂ. 2016ರ ಆಗಸ್ಟ್‌ನಲ್ಲಿ ಬಂದದ್ದು. ಮಾಡಿದ ತಂಡದ ಹೆಸರು ಜೈಂಟ್ ಸ್ಕ್ವಿಡ್. ಹಿಂದೆ ಜರ್ನಿ ಗೇಮ್‌ನ ಕಲಾ ನಿರ್ದೇಶಕರಾಗಿದ್ದ ಮ್ಯಾಟ್ ನಾವಾ ಇದರ ಮುಂದಾಳು. ಸಂಗೀತ ಆಸ್ಟಿನ್ ವಿಂಟೋರಿ ಅವರದು. ಮೆಸೊಪೊಟೇಮಿಯಾದ ಹಳೆಯ ಮಾತಿನಲ್ಲಿ ಅಬ್ ಎಂದರೆ ನೀರು, ಜೂ ಎಂದರೆ ತಿಳಿಯುವುದು. ಎರಡೂ ಸೇರಿ ಈ ಹೆಸರು. ಕನ್ನಡದ ಕಿವಿಗೆ ಇದು 'ಅಬ್ಜ' ಅಂತಲೇ ಕೇಳಿಸುತ್ತದೆ, ನೀರಿನಲ್ಲಿ ಹುಟ್ಟಿದ್ದು. ಎರಡಕ್ಕೂ ನಂಟಿಲ್ಲ. ಆದರೂ ನನಗೆ ಅದು ಖುಷಿ ಕೊಟ್ಟಿತು.

ಇಲ್ಲಿ ಉಸಿರಿನ ಲೆಕ್ಕವೇ ಇಲ್ಲ. ಆಕ್ಸಿಜನ್ ಮುಗಿಯುವುದಿಲ್ಲ, ಸಾಯುವುದೂ ಇಲ್ಲ. ಒಂದೂ ಮಾತಿಲ್ಲ. ಎಷ್ಟು ಹೊತ್ತು ಬೇಕಾದರೂ ನೀರೊಳಗೆ ಇರಬಹುದು. ಆಮೆಯ ಬೆನ್ನು ಹಿಡಿದು ಹೋಗಬಹುದು. ಅಲ್ಲಲ್ಲಿ ಶಾರ್ಕ್ ಆಕಾರದ ಕಲ್ಲಿನ ವಿಗ್ರಹಗಳು ಸಿಗುತ್ತವೆ. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಕ್ಯಾಮೆರಾ ನಮ್ಮನ್ನು ಬಿಟ್ಟು ಮೀನುಗಳ ಹಿಂದೆ ಹೋಗುತ್ತದೆ. ಒಂದು ಮೀನನ್ನು ಆರಿಸಿಕೊಂಡರೆ ಅದರ ಹೆಸರು ಬರುತ್ತದೆ, ಅದು ಹೋದಲ್ಲೆಲ್ಲ ನಾವೂ ಹೋಗುತ್ತೇವೆ. ಒಂದು ರಾತ್ರಿ ಹೀಗೆ ಮುಕ್ಕಾಲು ಗಂಟೆ ಕೂತಿದ್ದೆ. ನಾನು ನೋಡುತ್ತಿದ್ದ ಸಣ್ಣ ಮೀನನ್ನು ದೊಡ್ಡದೊಂದು ಬಂದು ಗಬಕ್ಕನೆ ನುಂಗಿತು. ಹಿಂಡು ಎರಡಾಗಿ ಸೀಳಿ ಮತ್ತೆ ಕೂಡಿಕೊಂಡಿತು. ಅವತ್ತು ಬಹಳ ದಿನದ ಮೇಲೆ ನನಗೆ ನಿದ್ದೆ ಬಂತು.

ಇಡೀ ಗೇಮ್ ಎರಡು ಗಂಟೆಯೊಳಗೆ ಮುಗಿಯುತ್ತದೆ. ದಣಿದವರಿಗೆ ಮೂರರಲ್ಲಿ ಇದೇ ಮೊದಲ ಆಯ್ಕೆ, ಅನುಮಾನವೇ ಬೇಡ. ಆದರೆ ಎರಡನೇ ಸಲ ಆಡುವಾಗ ಏನೋ ಕಡಿಮೆ ಅನ್ನಿಸಿತು. ಉಸಿರಿನ ಲೆಕ್ಕ ಇಲ್ಲದ ಕಡೆ ಮೇಲೆ ಬಂದರೂ ಒಂದೇ, ಬರದಿದ್ದರೂ ಒಂದೇ. ನನ್ನ ಒಂದೂವರೆ ವರ್ಷ ಪೂರ್ತಿ ಲೆಕ್ಕದಲ್ಲೇ ಕಳೆದಿತ್ತು. ಅಪ್ಪನ ಬೆರಳಿಗೆ ಹಾಕಿದ ಆಕ್ಸಿಮೀಟರ್‌ನಲ್ಲಿ 91, 89, ಮತ್ತೆ 91. ಅಬ್ಜೂ ನನಗೆ ವಿಶ್ರಾಂತಿ ಕೊಟ್ಟಿತು, ಆದರೆ ಆ ಅಂಕಿಗಳ ವಿಷಯ ಎತ್ತಲೇ ಇಲ್ಲ.

ಬಿಯಾಂಡ್ ಬ್ಲೂ 2020ರದ್ದು. ಇ-ಲೈನ್ ಮೀಡಿಯಾ ಮಾಡಿದ್ದು, ಕಡಲಜೀವಿಗಳ ಬಗ್ಗೆ ಬಿಬಿಸಿ ಮಾಡಿದ ಬ್ಲೂ ಪ್ಲಾನೆಟ್ 2 ಟಿವಿ ಸರಣಿಯ ಪ್ರೇರಣೆಯಿಂದ. ಮಿರಾಯ್ ಎಂಬ ವಿಜ್ಞಾನಿಯಾಗಿ ನಾವು ಸ್ಪರ್ಮ್ ವೇಲ್ ಎಂಬ ತಿಮಿಂಗಿಲಗಳ ಒಂದು ಕುಟುಂಬದ ಹಿಂದೆ ಹೋಗುತ್ತೇವೆ. ಮಿರಾಯ್‌ಗೂ ಇಲ್ಲಿ ಗಾಳಿಯ ಚಿಂತೆ ಇಲ್ಲ. ಕೆಲಸ ಏನೆಂದರೆ ಜೀವಿಗಳ ಹತ್ತಿರ ಹೋಗಿ ಸ್ಕ್ಯಾನ್ ಮಾಡುವುದು. ಅದೇ ಕೆಲಸ ಮತ್ತೆ ಮತ್ತೆ ಬರುತ್ತದೆ, ಸ್ವಲ್ಪ ಬೇಜಾರಾಗುತ್ತದೆ. ನಡುನಡುವೆ ಸಿಗುವ ನಿಜವಾದ ಕಡಲ ವಿಜ್ಞಾನಿಗಳ ಪುಟ್ಟ ವಿಡಿಯೊಗಳು ಚೆನ್ನಾಗಿವೆ. ಮನೆಯಲ್ಲಿ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಂಡು ಆಡಬೇಕಾದದ್ದು ಇದನ್ನೇ.

ನನ್ನನ್ನು ತಟ್ಟಿದ್ದು ಮಾತ್ರ ಕಡಲಲ್ಲ, ಫೋನು. ಒಂದು ಡೈವ್ ಮುಗಿಸಿ ಸಬ್‌ಮರೀನ್‌ಗೆ ಬಂದರೆ ಮಿರಾಯ್‌ಗೆ ಮನೆಯ ಕರೆ ಬರುತ್ತದೆ. ಅಜ್ಜಿಗೆ ಹುಷಾರಿಲ್ಲ. ಅವರನ್ನು ನೋಡಿಕೊಳ್ಳುತ್ತಿರುವುದು ಅವಳ ಒಡಹುಟ್ಟಿದವಳು. ಮಿರಾಯ್ ಇರುವುದು ದೂರದ ಸಮುದ್ರದ ತಳದಲ್ಲಿ. ನಮ್ಮನೆಯಲ್ಲಿ ಅಪ್ಪನ ಜೊತೆ ಇದ್ದವನು ನಾನು. ಅಕ್ಕ ಪುಣೆಯಲ್ಲಿ. ಅವಳು ದಿನಾ ಫೋನ್ ಮಾಡಿ "ಇವತ್ತು ಎಷ್ಟಿದೆ?" ಎಂದು ಆಕ್ಸಿಮೀಟರ್ ಅಂಕಿ ಕೇಳುತ್ತಿದ್ದಳು. ಫೋನಿನಲ್ಲಿ ಕೇಳುವುದು ಸುಲಭ, ಇಲ್ಲಿ ಬಂದು ನೋಡಿದರೆ ಗೊತ್ತಾಗುತ್ತೆ ಅಂತ ನನಗೆ ಒಳಗೊಳಗೇ ಸಿಟ್ಟಿತ್ತು. ಗೇಮ್‌ನಲ್ಲಿ ನಾನು ದೂರ ಇರುವವಳ ಕಡೆ ಕೂತಿದ್ದೆ. ಏನು ಉತ್ತರ ಕೊಡಬೇಕೆಂದು ಆರಿಸುವವನು ನಾನೇ. ಯಾವುದನ್ನು ಆರಿಸಿದರೂ ಸಾಲದು ಅನ್ನಿಸುತ್ತಿತ್ತು. ಮಾರನೇ ದಿನ ಅಕ್ಕನಿಗೆ ಫೋನ್ ಮಾಡಿದೆ. ಒಂದು ಗಂಟೆಗೂ ಜಾಸ್ತಿ ಮಾತಾಡಿದೆವು. ಸಿಟ್ಟಿನ ವಿಷಯವನ್ನೂ ಹೇಳಿಕೊಂಡೆ.

ಇನ್ನು ಸಬ್‌ನಾಟಿಕಾ. ಅನ್‌ನೋನ್ ವರ್ಲ್ಡ್ಸ್ ತಂಡದ್ದು. 2014ರ ಡಿಸೆಂಬರ್‌ನಿಂದ ಅರೆಬರೆ ರೂಪದಲ್ಲಿ ಸಿಗುತ್ತಿತ್ತು, ಪೂರ್ತಿಯಾಗಿ ಬಂದದ್ದು 2018ರ ಜನವರಿಯಲ್ಲಿ. 4546ಬಿ ಎಂಬ ಗ್ರಹ, ಎಲ್ಲೆಲ್ಲೂ ನೀರು. ಅರೋರಾ ಎಂಬ ಅಂತರಿಕ್ಷ ಹಡಗು ಬಿದ್ದು ಉರಿಯುತ್ತಿದೆ. ನಾವು ಒಬ್ಬರೇ, ಹಡಗಿನಿಂದ ಪಾರಾಗಿ ಬಂದ ಒಂದು ಪುಟ್ಟ ಲೈಫ್‌ಪಾಡ್‌ನಲ್ಲಿ ತೇಲುತ್ತಿದ್ದೇವೆ.

ನೀರಿಗೆ ಹಾರಿದ ಕೂಡಲೇ ಪರದೆಯ ಎಡ ಮೂಲೆಯಲ್ಲಿ ಒಂದು ಅಂಕಿ ಕಾಣಿಸಿತು, ಇನ್ನೆಷ್ಟು ಸೆಕೆಂಡಿನ ಉಸಿರು ಉಳಿದಿದೆ ಅಂತ. 45. ಕೆಳಗೆ ಹೋಗುತ್ತಿದ್ದಂತೆ 44, 43, 42. ಮೂವತ್ತಕ್ಕೆ ಬಂದಾಗ ಒಂದು ದನಿ ಎಚ್ಚರಿಸಿತು. ನನ್ನ ಕೈ ಬೆವರಿತು. ಹತ್ತು ನಿಮಿಷಕ್ಕೆ ಲ್ಯಾಪ್‌ಟಾಪ್ ಮುಚ್ಚಿದೆ. ಇಂಥದ್ದನ್ನು ಯಾಕೆ ಹೇಳಿದ ಅಂತ ಗೆಳೆಯನ ಮೇಲೆ ಕೋಪವೂ ಬಂತು. ಮೂರು ವಾರ ಅದರ ಕಡೆ ತಿರುಗಿ ನೋಡಲಿಲ್ಲ.

ಮತ್ತೆ ತೆಗೆದಾಗ ಒಂದು ವಿಷಯ ಗಮನಿಸಿದೆ. ಇಲ್ಲಿ ಅಂಕಿ ಇಳಿಯುವುದಷ್ಟೇ ಅಲ್ಲ, ಏರುತ್ತದೆ ಕೂಡ. ನೀರಿನಿಂದ ತಲೆ ಹೊರಗೆ ಹಾಕಿದರೆ ಸಾಕು, ಉಸಿರು ಪೂರ್ತಿ ತುಂಬುತ್ತದೆ. ಸೊನ್ನೆಗೆ ಬಂದು ಪರದೆ ಕಪ್ಪಾಗುತ್ತಾ ಬಂದರೂ ಕೆಲವು ಕ್ಷಣ ಸಮಯವಿರುತ್ತದೆ, ಅಷ್ಟರಲ್ಲಿ ಮೇಲೆ ಬಂದರೆ ಬದುಕುತ್ತೇವೆ. ಹವಳದ ಗುಡ್ಡೆಗಳ ನಡುವೆ ಬ್ರೈನ್ ಕೋರಲ್ ಎಂಬ ದಪ್ಪ ಹವಳ ಇರುತ್ತದೆ. ಅದರಿಂದ ಆಗಾಗ ಗಾಳಿಯ ಗುಳ್ಳೆ ಬರುತ್ತದೆ. ಆ ಗುಳ್ಳೆಗೆ ಮುಖ ಕೊಟ್ಟರೆ ಒಂದಿಷ್ಟು ಸೆಕೆಂಡಿನ ಉಸಿರು. ಅದರ ಮುಂದೆ ಎಷ್ಟೋ ಹೊತ್ತು ನಿಂತಿದ್ದೆ, ಗುಳ್ಳೆಗಾಗಿ ಕಾಯುತ್ತಾ.

ಆಡುವವರಿಗೆ ಒಂದು ಮಾತು. ಶುರುವಿನಲ್ಲೇ ಫ್ರೀಡಂ ಮೋಡ್ ಆರಿಸಿಕೊಳ್ಳಿ. ಅದರಲ್ಲಿ ಹಸಿವು, ಬಾಯಾರಿಕೆ ಇಲ್ಲ, ಆದರೆ ಆಕ್ಸಿಜನ್ ಲೆಕ್ಕ ಇರುತ್ತದೆ. ಕ್ರಿಯೇಟಿವ್ ಮೋಡ್‌ನಲ್ಲಿ ಅದೂ ಇಲ್ಲ, ಹಾಗಾಗಿ ನನಗೆ ಅದು ರುಚಿಸಲಿಲ್ಲ. ಅರೋರಾದ ಮುಂಭಾಗದ ಕಡೆ ರೀಪರ್ ಎಂಬ ಭಯಂಕರ ಪ್ರಾಣಿ ತಿರುಗುತ್ತಿರುತ್ತದೆ. ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಹೊತ್ತು ಅತ್ತ ಹೋಗಬೇಡಿ.

ಈ ಗೇಮ್‌ನಲ್ಲಿ ತೇಲುವ ಏರ್ ಪಂಪ್ ಅಂತ ಒಂದಿದೆ. ಅದನ್ನು ನೀರಿನ ಮೇಲೆ ಬಿಟ್ಟು, ಅದಕ್ಕೆ ಪೈಪ್ ಜೋಡಿಸುತ್ತಾ ಕೆಳಗೆ ಹೋಗಬಹುದು. ಪೈಪಿನ ತುದಿಯಿಂದ ಗುಳ್ಳೆ ಬರುತ್ತದೆ, ಅಲ್ಲಿ ಉಸಿರು ತುಂಬಿಕೊಳ್ಳಬಹುದು. ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ. ದೊಡ್ಡ ಸಿಲಿಂಡರ್, ಸೀಮಾತ್ ಎಂಬ ಪುಟ್ಟ ವಾಹನ ಸಿಕ್ಕ ಮೇಲೆ ಪೈಪು ಯಾರಿಗೆ ಬೇಕು ಅನ್ನುತ್ತಾರೆ. ನಾನು ಸೀಮಾತ್ ಮಾಡಿಕೊಂಡ ಮೇಲೂ ಪೈಪ್ ಹಾಕುತ್ತಲೇ ಇದ್ದೆ. ಟೈಟೇನಿಯಂ ಹುಡುಕುವುದು, ಪೈಪ್ ಮಾಡುವುದು, ಒಂದಕ್ಕೊಂದು ಸೇರಿಸುವುದು. ತುದಿಯಲ್ಲಿ ನಿಂತರೆ ಅದೇ ಗುಳುಗುಳು.

ಅಪ್ಪನ ಮೂಗಿಗೆ ಹಾಕಿದ ಪೈಪ್ ರೂಮಿನಿಂದ ಹಾಲ್ ದಾಟಿ ಹೊಸ್ತಿಲ ತನಕ ಬರುತ್ತಿತ್ತು. ಅಲ್ಲಿಗೆ ಮುಗಿಯಿತು. ಗೇಟಿನ ಪಕ್ಕ ಅವರೇ ನೆಟ್ಟ ಸಂಪಿಗೆ ಮರ ಇದೆ. ಬೆಳಿಗ್ಗೆ ಹೊಸ್ತಿಲ ಹತ್ತಿರ ಕುರ್ಚಿ ಹಾಕಿ ಕೂರಿಸಿದರೆ ಅಲ್ಲಿಂದಲೇ ಮರ ನೋಡುತ್ತಿದ್ದರು. ಅಮ್ಮ ಪೈಪ್ ಎಲ್ಲಾದರೂ ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಿದೆಯಾ ಅಂತ ಬಗ್ಗಿ ಬಗ್ಗಿ ನೋಡುತ್ತಿದ್ದಳು.

ಮೂರರಲ್ಲಿ ಯಾವುದು ಅಂತ ಕೇಳಿದರೆ ನಾನು ಸಬ್‌ನಾಟಿಕಾ ಅನ್ನುತ್ತೇನೆ. ಆದರೆ ಅದನ್ನು ಮೊದಲು ಆಡಬೇಡಿ. ಅಬ್ಜೂ ಆಡಿ, ನಿದ್ದೆ ಮಾಡಿ. ಆಮೇಲೆ ನೋಡೋಣ.

ಹೋದ ವಾರ ರಾತ್ರಿ ಆಡುತ್ತಿದ್ದಾಗ ಅಮ್ಮ ಬಂದು ಹಿಂದೆ ನಿಂತಳು. ನೀಲಿ ನೀರಿನಲ್ಲಿ ಪೈಪ್ ಒಂದರ ಹಿಂದೆ ಒಂದು ಇಳಿದು ಹೋಗಿತ್ತು. ತುದಿಯಲ್ಲಿ ಗುಳ್ಳೆ.

"ಅದೇನೋ ಅದು, ಅಪ್ಪಂದು ಇದ್ದ ಹಾಗೇ ಇದೆಯಲ್ಲೋ?"

"ಹೂಂ ಅಮ್ಮ. ಗಾಳಿ ಪೈಪು."

ಸ್ವಲ್ಪ ಹೊತ್ತು ಸದ್ದು ಕೇಳುತ್ತಾ ನಿಂತಳು. "ಎಲ್ಲಿ ತನಕ ಹೋಗುತ್ತೆ?"

"ಪೈಪ್ ಮಾಡಿ ಹಾಕ್ತಾ ಇದ್ರೆ ಎಷ್ಟು ದೂರ ಬೇಕಾದ್ರೂ ಹೋಗುತ್ತೆ."

ಅಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಹಾಗಾದ್ರೆ ಇನ್ನೊಂದು ಹಾಕು" ಅಂದಳು.