ಲಾಲ್‌ಬಾಗ್ ಬಂಡೆ ಮೇಲೆ ಕವನ ವರ್ಕ್‌ಶಾಪ್, 5ಕ್ಕೆ 3 ಸ್ಟಾರ್

ಹೋದ ಭಾನುವಾರ ಲಾಲ್‌ಬಾಗಲ್ಲಿ ಪರಿಸರ ಕವನದ ವರ್ಕ್‌ಶಾಪಿಗೆ ಹೋಗಿದ್ದೆ, 600 ರೂಪಾಯಿ, ಗೇಟ್ ಟಿಕೆಟ್ ಬೇರೆ. ನಡೆಸೋರ ಹೆಸರು ಹಾಕಲ್ಲ, ಚಿಕ್ಕ ಗುಂಪು ಪಾಪ. 7ಕ್ಕೆ ಅಂದವ್ರು ಮುಕ್ಕಾಲು ಗಂಟೆ ಲೇಟು, ಅಷ್ಟೊತ್ತಿಗೆ ಕೆಂಪೇಗೌಡ ಗೋಪುರದ ಹತ್ರ ಸೆಲ್ಫಿ ಜಾತ್ರೆ ಶುರುವಾಗಿತ್ತು.

ಮೊದಲ ಅರ್ಧ ಗಂಟೆ ಮಾತ್ರ ಸೂಪರ್. ಮೇಡಂ ಎಲ್ಲರ ಮೊಬೈಲೂ ಬ್ಯಾಗಿಗೆ ಹಾಕ್ಸಿ, ಬಂಡೆ ಮೇಲೆ ಅಂಗೈ ಇಟ್ಟು ಸುಮ್ನೆ ಕೂತ್ಕೊಳಿ ಅಂದ್ರು. ಚಿಕ್ಕೋನಿದ್ದಾಗಿಂದ ಇದೇ ಬಂಡೆ ಮೇಲೆ ಕಡ್ಲೆಕಾಯಿ ತಿಂದಿದೀನಿ, ಬಿಳಿ ಪಟ್ಟೆ ಕಪ್ಪು ಪಟ್ಟೆ ಎರಡೂ ನಾದಿದ ಹಿಟ್ಟಿನ ಥರ ಮಡಿಚ್ಕೊಂಡಿರೋದು ಕಣ್ಣಿಗೇ ಬಿದ್ದಿರ್ಲಿಲ್ಲ. ಜೊತೆಗಿದ್ದ ಜಿಯಾಲಜಿ ಹುಡ್ಗ ಹೇಳ್ದ, ಇದು ನೈಸ್ (gneiss) ಅನ್ನೋ ಜಾತಿ ಶಿಲೆ, ಸುಮಾರು 300 ಕೋಟಿ ವರ್ಷದ್ದು, ಭೂಮಿ ಒಳಗಡೆ ಬಿಸಿಗೆ ಒತ್ತಡಕ್ಕೆ ಸಿಕ್ಕಿ ಹಿಂಗೆ ಪಟ್ಟೆ ಬಿದ್ದಿದೆ ಅಂತ. ಅವನಿಗೆ ಸಿಕ್ಕಿದ್ದು ಹತ್ತೇ ನಿಮಿಷ, ಅನ್ಯಾಯ.

ಬರೆಯೋಕೆ ಕೂತ್ಮೇಲೆ ಕೆಟ್ಟೋಯ್ತು. ಕಲ್ಲಿಗೆ ಜೀವ ಕೊಡಿ ಅಂದಿದ್ದೇ ತಡ, 14 ಜನರಲ್ಲಿ 11 ಜನ "ಓ ತಾಯಿ ಬಂಡೆಯೇ" ಅಂತ ಕಲ್ಲು ಗೊಳೋ ಅಂತ ಅಳೋ ಹಾಗೆ ಮಾಡ್ಬಿಟ್ರು, ನಾನೂ ಅದ್ರಲ್ಲಿ ಒಬ್ಬ. ಅಲ್ಲಾ, ನಮ್ಗೆ ಇದು ಹೊಸದಾ? ಮಳೆರಾಯ, ಗಂಗಮ್ಮ, ಚಂದಮಾಮ ಅಂತ ಕರ್ಕೊಂಡೇ ಬೆಳ್ದಿದೀವಿ. ನಮ್ಮಜ್ಜಿ ನಾಮಕರಣದಲ್ಲಿ ಮಗೂಗಿಂತ ಮುಂಚೆ ಗುಂಡ್ಕಲ್ಲನ್ನ ತೊಟ್ಲಲ್ಲಿ ಮಲಗಿಸಿ ತೂಗೋರು, ಆ ಕಲ್ಲು ಒಂದಿನಾನೂ ಅತ್ತಿಲ್ಲ!

ರಿಟೈರ್ಡ್ ಅಂಕಲ್ ಒಬ್ರು ಮೂರೇ ಸಾಲು ಓದಿದ್ರು, ಬಂಡೆ ತಣ್ಣಗಿತ್ತು, ನನ್ನ ಕೈಯ ಬಿಸಿ ಈಸ್ಕೊಂಡ್ತು, ವಾಪಸ್ ಕೊಡ್ಲಿಲ್ಲ ಅಂತ. ನಂಗೆ ಮೈ ಜುಂ ಅಂತು. ಮೇಡಂ "ಭಾವನೆ ಸಾಲದು ಸರ್" ಅಂದ್ಬಿಟ್ರು. ಅಂಕಲ್ ಸುಮ್ನೆ ನಕ್ಕು ಕಾಗ್ದ ಮಡಿಚಿ ಜೇಬಿಗಿಟ್ಕೊಂಡ್ರು.

ಕೊನೇಲಿ ನದಿ ವಿಷ್ಯ ಬಂತು. ನ್ಯೂಜಿಲೆಂಡಲ್ಲಿ 2017ರಲ್ಲಿ ವಾಂಗನುಯಿ ನದಿಗೆ ಕಾನೂನಲ್ಲೇ ವ್ಯಕ್ತಿ ಸ್ಥಾನ ಕೊಟ್ಟಿದಾರಂತೆ, ಅಲ್ಲಿನ ಮಾವೋರಿ ಜನಕ್ಕೆ ನದಿ ಅಂದ್ರೆ ಪೂರ್ವಜರೇ. ನಮ್ಮ ವೃಷಭಾವತಿಗೆ ಹೆಣ್ಣು ಹೆಸರಿಟ್ಟು, ಬಸವನಗುಡಿ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದ್ಳು ಅಂತ ಕಥೆನೂ ಹೇಳಿ, ಆಮೇಲೆ ಮೋರಿ ಮಾಡಿದೀವಿ. ಇದನ್ನ ಐದು ನಿಮಿಷದಲ್ಲಿ ಮುಗಿಸಿದ್ರು, ಯಾಕಂದ್ರೆ ಉಪ್ಪಿಟ್ಟು ಬಂದಿತ್ತು. ಅದೂ ತಣ್ಣಗೆ.

ಹೋಗೋರು ಟೋಪಿ ತಗೊಂಡೋಗಿ, 10 ಗಂಟೆ ಮೇಲೆ ಬಂಡೆ ಹಂಚಿನ ಥರ ಕಾಯುತ್ತೆ. ಮುಂದಿನ ಸಲ ವೃಷಭಾವತಿ ದಡದಲ್ಲೇ ಮಾಡ್ತಾರಂತೆ, ನಾನಂತೂ ಮೂಗಿಗೆ ಕರ್ಚೀಫ್ ಕಟ್ಕೊಂಡು ಹೋಗೋನೇ.